ಆಡುವವರು ಹನ್ನೆರಡು ಮಂದಿ, ತೆರುವವರು ಎಲ್ಲರೂ

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಹೆಸರು ಕೇಳಿದೊಡನೆ ಚರಿತ್ರೆಯ ಅಭ್ಯಾಸಿಗಳಿಗೆ ಅಶೋಕ ಚಕ್ರವರ್ತಿಯ ಬಂಡೆಶಾಸನ ನೆನಪಾಗುತ್ತದೆ. 1892ರಲ್ಲಿ ಬಿ. ಎಲ್. ರೈಸ್ ಅವರು ಸಿದ್ದಾಪುರ, ಬ್ರಹ್ಮಗಿರಿ, ಜಟಿಂಗ ರಾಮೇಶ್ವರ ಎಂಬ ಮೂರು ನೆರೆಹೊರೆಯ ಸ್ಥಳಗಳಲ್ಲಿ ಈ ಶಾಸನಗಳನ್ನು ಗುರುತಿಸಿ ಲೋಕಕ್ಕೆ ತಿಳಿಸಿದರು. ಶ್ರಮಪಟ್ಟು ಪ್ರಯತ್ನಿಸಿದರೆ ದೊಡ್ಡವರಿಗೆ ಮಾತ್ರವಲ್ಲದೆ ಸಣ್ಣವರಿಗೂ ಉನ್ನತಿ ಲಭಿಸುವುದೆಂಬುದು ಆ ಶಾಸನದ ತಾತ್ಪರ್ಯ. ಚಕ್ರವರ್ತಿಯ ಮನಸ್ಸಿನಲ್ಲಿದ್ದುದು ಧರ್ಮದ ಮಾತು, ಆಟಪಾಟಗಳ ಮಾತಲ್ಲ. ಆದರೂ ಆ ಬಂಡೆಗಳ ಸುತ್ತಣ ಹಳ್ಳಿಗಳಿಂದ ಪ್ರತಿದಿನ ಬೆಳಗಿನ ಬಸ್ಸು ಹಿಡಿದು ಮೊಳಕಾಲ್ಮೂರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೋ, ಚಳ್ಳಕೆರೆಯ ಎಚ್.ಪಿ.ಪಿ.ಸಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೋ ಹೋಗುವ ಹುಡುಗ ಹುಡುಗಿಯರ ಕೈಯಲ್ಲಿರುವ ಒಂದು ತುಂಡು ಕಾಗದವನ್ನು ನೋಡಿದರೆ, ಸಣ್ಣವರು ಮತ್ತು ದೊಡ್ಡವರು ಎಂಬ ಆ ಮಾತು ಬೇರೊಂದು ರೀತಿಯಲ್ಲಿ ನೆನಪಾಗದಿರದು.

ಆ ಕಾಗದವೆಂದರೆ ಪ್ರವೇಶ ಶುಲ್ಕದ ರಸೀದಿ. ಬೋಧನಾ ಶುಲ್ಕ, ಪ್ರಯೋಗಾಲಯ ಶುಲ್ಕ, ಗ್ರಂಥಾಲಯ ಶುಲ್ಕ, ವಾಚನಾಲಯ ಶುಲ್ಕ ಎಂದು ಇಳಿಯುತ್ತ ಹೋಗುವ ಆ ಪಟ್ಟಿಯ ನಡುವೆ ಎಲ್ಲೋ ಒಂದು ಸಾಲು ‘ಕ್ರೀಡಾ ಶುಲ್ಕ’. ಕಾಲೇಜಿನ ಪಾಲಿನದು ಒಂದು, ವಿಶ್ವವಿದ್ಯಾನಿಲಯಕ್ಕೆ ಕಳುಹಿಸಬೇಕಾದುದು ಇನ್ನೊಂದು. ಮೊತ್ತ ಸಣ್ಣದು, ಸಣ್ಣದಾದುದರಿಂದಲೇ ಯಾರೂ ಅದನ್ನು ಕೇಳುವುದಿಲ್ಲ. ಚೆಂಡನ್ನು ಮುಟ್ಟದ ಹುಡುಗನೂ ತೆರುತ್ತಾನೆ, ಕಾಲೇಜಿನ ಮೈದಾನ ಯಾವ ದಿಕ್ಕಿಗಿದೆಯೆಂದು ತಿಳಿಯದ ಹುಡುಗಿಯೂ ತೆರುತ್ತಾಳೆ. ಮೂರು ವರ್ಷ ತೆತ್ತು, ಪದವಿಯನ್ನು ಪಡೆದು, ಹೊರಟುಹೋಗುತ್ತಾರೆ. ಆ ಹಣ ಎಲ್ಲಿಗೆ ಹೋಯಿತು, ಅದರಿಂದ ಯಾರು ಆಡಿದರು ಎಂಬ ಪ್ರಶ್ನೆ ಅವರಲ್ಲಿ ನೂರಕ್ಕೆ ಒಬ್ಬರಿಗಾದರೂ ಹೊಳೆಯುತ್ತದೆಯೋ ಇಲ್ಲವೋ.

ಹಳ್ಳಿಯವರಿಗೆ ಇಂಥ ವಸೂಲಿ ಹೊಸದೇನೂ ಅಲ್ಲ. ಚಳ್ಳಕೆರೆ ಸೀಮೆಯಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಜಾತ್ರೆಯನ್ನು ಕಾಣದವರು ವಿರಳ. ಊರ ಜಾತ್ರೆಯೆಂದರೆ ಮನೆಗಿಷ್ಟೆಂದು ವಂತಿಗೆ ಎತ್ತುವುದು ವಾಡಿಕೆ. ಆ ವಂತಿಗೆಯಿಂದಲೇ ತೇರಿನ ಹಗ್ಗ, ಆ ವಂತಿಗೆಯಿಂದಲೇ ಕುಸ್ತಿಯ ಬಹುಮಾನ. ಅಖಾಡಕ್ಕಿಳಿಯುವ ಪೈಲ್ವಾನರು ಹತ್ತೇ ಮಂದಿಯಾದರೂ ವಂತಿಗೆ ಕೊಟ್ಟ ಪ್ರತಿಯೊಬ್ಬನೂ ಸುತ್ತ ನಿಂತು ನೋಡುತ್ತಾನೆ, ಕೂಗುತ್ತಾನೆ, ತನ್ನೂರಿನವನು ಗೆದ್ದರೆ ಹೆಗಲ ಮೇಲೆ ಹೊರುತ್ತಾನೆ. ಕೊಟ್ಟುದಕ್ಕೆ ಪ್ರತಿಫಲ ಅಲ್ಲಿಯೇ, ಆ ಕ್ಷಣದಲ್ಲಿಯೇ ಸಿಕ್ಕಿತು. ಕಾಲೇಜಿನ ಕ್ರೀಡಾ ಶುಲ್ಕವೂ ಮೂಲತಃ ವಂತಿಗೆಯೇ. ವ್ಯತ್ಯಾಸವಿಷ್ಟೆ: ಇಲ್ಲಿ ಕುಸ್ತಿ ನಡೆಯುವುದು ನೂರಾರು ಮೈಲಿ ದೂರದಲ್ಲಿ, ವಂತಿಗೆ ಕೊಟ್ಟವನಿಗೆ ಅದರ ಸುದ್ದಿಯೂ ಬರುವುದಿಲ್ಲ.

ಈ ಮಾತಿಗೆ ಮುನ್ನ, ‘ನಷ್ಟ’ವೆಂಬ ಮಾತು ಕಾಲೇಜು ಆಟಗಳಿಗೆ ಅಂಟಿಕೊಂಡ ಬಗೆಯನ್ನು ನೋಡುವುದು ಲೇಸು. ನಮ್ಮ ದೇಶದಲ್ಲಿ ಗ್ರಂಥಾಲಯ ಲಾಭ ತರಲಿಲ್ಲವೆಂದು ಯಾರೂ ಕೊರಗುವುದಿಲ್ಲ. ಆಟವೂ ಹಾಗೆಯೇ ಎಂದು ಭಾವಿಸಿ ಸುಮ್ಮನಿದ್ದೇವೆ. ಕಾಲೇಜಿನ ಆಟವೂ ಒಂದು ವ್ಯಾಪಾರ, ಅದಕ್ಕೆ ಲಾಭನಷ್ಟಗಳುಂಟು ಎಂಬ ಕಲ್ಪನೆ ಹುಟ್ಟಿದ್ದು ಅಮೆರಿಕದಲ್ಲಿ; ಅದೂ ಆಟ ಹುಟ್ಟಿದ ದಿನದಂದೇ ಹುಟ್ಟಿತೆಂದರೆ ಸೋಜಿಗವಾದೀತು.

1852ರ ಆಗಸ್ಟ್ ತಿಂಗಳಲ್ಲಿ ಹಾರ್ವರ್ಡ್ ಮತ್ತು ಯೇಲ್ ಕಾಲೇಜುಗಳ ತರುಣರು ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ವಿನ್ನಿಪೆಸಾಕಿ ಸರೋವರದಲ್ಲಿ ದೋಣಿಯ ಪಂದ್ಯವನ್ನಾಡಿದರು. ಆ ದೇಶದ ಮೊದಲ ಅಂತರ ಕಾಲೇಜು ಪಂದ್ಯ ಅದೇ. ಹುಡುಗರ ಪ್ರಯಾಣ, ಊಟ, ವಸತಿ ಇವೆಲ್ಲದರ ವೆಚ್ಚವನ್ನು ಭರಿಸಿದುದು ಕಾಲೇಜಲ್ಲ, ಒಂದು ರೈಲ್ವೆ ಕಂಪೆನಿ! ಆ ಸರೋವರದ ದಂಡೆಗೆ ಹೊಸದಾಗಿ ಹಳಿ ಹಾಕಿಸಿದ್ದ ಕಂಪೆನಿಗೆ ಪ್ರಯಾಣಿಕರು ಬೇಕಾಗಿದ್ದರು. ಪಂದ್ಯ ನೋಡಲು ಜನ ಬಂದರು, ಟಿಕೀಟು ಮಾರಾಟವಾಯಿತು. ಅಂದು ಹತ್ತಿದ ಆ ರೈಲಿನಿಂದ ಅಮೆರಿಕದ ಕಾಲೇಜು ಕ್ರೀಡೆ ಇಂದಿಗೂ ಇಳಿದಿಲ್ಲವೆನ್ನಬಹುದು.

ಅಲ್ಲಿಯ ಫುಟ್‌ಬಾಲು ನಮ್ಮ ಕಾಲ್ಚೆಂಡಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು, ಎದುರಾಳಿಯನ್ನು ಕೆಡವಿ ಮುನ್ನುಗ್ಗುವ ಒರಟು ಆಟ. ಅದನ್ನು ನೋಡಲು ಒಂದೊಂದು ವಿಶ್ವವಿದ್ಯಾನಿಲಯದ ಕ್ರೀಡಾಂಗಣದಲ್ಲಿ ಲಕ್ಷ ಜನ ಸೇರುವುದುಂಟು. 1984ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಟೆಲಿವಿಷನ್ ಹಕ್ಕುಗಳನ್ನು ವಿಶ್ವವಿದ್ಯಾನಿಲಯಗಳು ತಾವೇ ಮಾರಿಕೊಳ್ಳಬಹುದೆಂದು ತೀರ್ಪಿತ್ತ ಮೇಲಂತೂ ಹಣದ ಹೊಳೆಯೇ ಹರಿಯಿತು. ಇಷ್ಟಿದ್ದೂ ಲಾಭವೇ ಎಂದರೆ, ಇಲ್ಲ. ತರಬೇತುದಾರನ ಸಂಬಳ ಕುಲಪತಿಯ ಸಂಬಳವನ್ನು ಹಲವು ಪಾಲು ಮೀರಿದೆ, ನೆರೆಯವರು ಕಟ್ಟಿದ ಕ್ರೀಡಾಂಗಣಕ್ಕಿಂತ ದೊಡ್ಡದನ್ನು ತಾವು ಕಟ್ಟಬೇಕೆಂಬ ಛಲ, ಅದಕ್ಕಾಗಿ ಸಾಲ. ಅತ್ಯುನ್ನತ ವರ್ಗದಲ್ಲಿ ಆಡುವ ನೂರಾರು ವಿಶ್ವವಿದ್ಯಾನಿಲಯಗಳ ಪೈಕಿ ಆಟದ ಆದಾಯದಿಂದಲೇ ಆಟದ ವೆಚ್ಚವನ್ನು ಸರಿದೂಗಿಸಿಕೊಳ್ಳುವವು ಎರಡು ಡಜನ್ನಿನ ಆಸುಪಾಸಿನಲ್ಲಿವೆ. ಉಳಿದವುಗಳ ಕೊರತೆಯನ್ನು ತುಂಬುವವರು ಯಾರು? ವಿಶ್ವವಿದ್ಯಾನಿಲಯದ ಸಾಮಾನ್ಯ ನಿಧಿ ಮತ್ತು ವಿದ್ಯಾರ್ಥಿಗಳು. ಕೆಲವು ಕಡೆ ಒಬ್ಬ ವಿದ್ಯಾರ್ಥಿ ತೆರುವ ಕ್ರೀಡಾ ಶುಲ್ಕ ವರ್ಷಕ್ಕೆ ಸಾವಿರ ಡಾಲರನ್ನೂ ಮೀರುತ್ತದೆ. ಆಟ ನೋಡಲು ಹೋಗದವನೂ, ರಾತ್ರಿಪಾಳಿ ದುಡಿದು ಓದುವವನೂ ಅದನ್ನು ತೆರಲೇಬೇಕು. ಈ ಹೊರೆ ಮಿತಿ ಮೀರಿದುದನ್ನು ಕಂಡು 2015ರಲ್ಲಿ ವರ್ಜೀನಿಯ ಸಂಸ್ಥಾನ, ಆಟದ ವೆಚ್ಚದಲ್ಲಿ ವಿದ್ಯಾರ್ಥಿ ಶುಲ್ಕದ ಪಾಲು ಎಷ್ಟರವರೆಗೆ ಇರಬಹುದೆಂಬುದಕ್ಕೆ ಶಾಸನ ಮಾಡಿಯೇ ಮಿತಿ ಹಾಕಬೇಕಾಯಿತು.

ಈ ರೈಲಿನಿಂದ ಧೈರ್ಯವಾಗಿ ಕೆಳಗೆ ಹಾರಿದವರಿಲ್ಲವೆಂದಲ್ಲ. ಷಿಕಾಗೋ ವಿಶ್ವವಿದ್ಯಾನಿಲಯ ಒಂದು ಕಾಲಕ್ಕೆ ಫುಟ್‌ಬಾಲಿನಲ್ಲಿ ದೊಡ್ಡ ಹೆಸರು. ಅದರ ಅಧ್ಯಕ್ಷ ರಾಬರ್ಟ್ ಹಚಿನ್ಸ್, ವಿದ್ಯೆಗೂ ಈ ಗದ್ದಲಕ್ಕೂ ಸಂಬಂಧವಿಲ್ಲವೆಂದು ನಿಶ್ಚಯಿಸಿ, 1939ರ ಡಿಸೆಂಬರಿನಲ್ಲಿ ತಂಡವನ್ನೇ ವಿಸರ್ಜಿಸಿದರು. ಜನ ಹುಬ್ಬೇರಿಸಿದರು. ಬರಿದಾದ ಆ ಸ್ಟ್ಯಾಗ್ ಫೀಲ್ಡ್ ಕ್ರೀಡಾಂಗಣದ ಪಶ್ಚಿಮ ಭಾಗದ ಮೆಟ್ಟಿಲುಗಳ ಕೆಳಗೆ ಒಂದು ಒಳಾಂಗಣವಿತ್ತು. ಮೂರು ವರ್ಷಗಳ ತರುವಾಯ, 1942ರ ಡಿಸೆಂಬರ್ 2ರಂದು, ಅಲ್ಲಿಯೇ ಎನ್ರಿಕೊ ಫರ್ಮಿ ಮತ್ತು ಸಂಗಡಿಗರು ಪರಮಾಣುವಿನ ಸರಪಳಿ ಕ್ರಿಯೆಯನ್ನು ಮೊಟ್ಟಮೊದಲಿಗೆ ನಡೆಸಿ ತೋರಿಸಿದರು! ಆಟವನ್ನು ಬಿಟ್ಟ ಅಂಗಣದಲ್ಲಿ ಅಣುಯುಗ ಹುಟ್ಟಿತು. ಅದು ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂಬುದು ಬೇರೆ ಮಾತು.

ಎಲ್ಲರೂ ಹಚಿನ್ಸರಲ್ಲ. ಅಲಬಾಮ ಸಂಸ್ಥಾನದ ಬರ್ಮಿಂಗ್‌ಹ್ಯಾಮಿನಲ್ಲಿರುವ ವಿಶ್ವವಿದ್ಯಾನಿಲಯ 2014ರ ಡಿಸೆಂಬರಿನಲ್ಲಿ ಹಣದ ಕಾರಣವನ್ನೇ ಮುಂದಿಟ್ಟು ಫುಟ್‌ಬಾಲು ತಂಡವನ್ನು ಮುಚ್ಚಿತು. ಊರಿಗೆ ಊರೇ ತಿರುಗಿಬಿತ್ತು, ಚಂದಾ ಕೂಡಿಸಿತು. ಆರೇ ತಿಂಗಳಲ್ಲಿ, 2015ರ ಜೂನಿನಲ್ಲಿ, ಆಡಳಿತದವರು ಮಾತನ್ನು ಹಿಂದಕ್ಕೆ ತೆಗೆದುಕೊಂಡರು. 2017ರಲ್ಲಿ ತಂಡ ಮತ್ತೆ ಕಣಕ್ಕಿಳಿಯಿತು. ನಷ್ಟವೆಂಬುದು ಲೆಕ್ಕದ ಪುಸ್ತಕದಲ್ಲಿ ಮಾತ್ರ ಇರುವ ವಸ್ತುವಲ್ಲವೆಂಬುದನ್ನು ಆ ಊರಿನವರು ತೋರಿಸಿಕೊಟ್ಟರು. ಈಚೆಗೆ, 2025ರ ಜೂನ್ 6ರಂದು, ಅಲ್ಲಿಯ ನ್ಯಾಯಾಲಯ ಒಪ್ಪಿದ ಒಂದು ರಾಜಿಯಂತೆ ವಿಶ್ವವಿದ್ಯಾನಿಲಯಗಳು ಆಟಗಾರರಿಗೆ ನೇರವಾಗಿಯೇ ಹಣ ಕೊಡಬಹುದು. ಮೊದಲ ವರ್ಷಕ್ಕೆ ಒಂದು ವಿಶ್ವವಿದ್ಯಾನಿಲಯಕ್ಕೆ ವಿಧಿಸಿದ ಮಿತಿಯೇ 2 ಕೋಟಿ 5 ಲಕ್ಷ ಡಾಲರು. ಕೊರತೆಯಲ್ಲಿದ್ದವರ ಕೊರತೆ ಇನ್ನಷ್ಟು ಹಿಗ್ಗುವುದರಲ್ಲಿ ಸಂದೇಹವಿಲ್ಲ.

ನಮ್ಮ ಕಾಲೇಜುಗಳ ಪದ್ಧತಿ ಈ ರೈಲಿನಿಂದ ಬಂದುದಲ್ಲ. ಇಂಗ್ಲೆಂಡಿನ ದೋಣಿಮನೆಯಿಂದ ಬಂದುದು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾನಿಲಯಗಳು ತಮ್ಮೊಳಗೆ ಕ್ರಿಕೆಟ್ಟನ್ನು 1827ರಲ್ಲಿ, ದೋಣಿಯ ಪಂದ್ಯವನ್ನು 1829ರಲ್ಲಿ ಆರಂಭಿಸಿದವು. ಅಲ್ಲಿ ಆಟವೆಂದರೆ ಹುಡುಗರದೇ ಸಂಘ, ಹುಡುಗರದೇ ಚಂದಾ. ದೋಣಿಯವರಿಗೊಂದು, ಕ್ರಿಕೆಟಿನವರಿಗೊಂದು ಎಂದು ಬಿಡಿಬಿಡಿಯಾಗಿದ್ದ ಚಂದಾಗಳನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಆಕ್ಸ್‌ಫರ್ಡಿನ ಕಾಲೇಜುಗಳು ಒಟ್ಟುಗೂಡಿಸಿ, ಆಡುವವರು ಆಡದವರು ಎಂಬ ಭೇದವಿಲ್ಲದೆ ಎಲ್ಲ ವಿದ್ಯಾರ್ಥಿಗಳಿಂದಲೂ ಎತ್ತತೊಡಗಿದವು. ಇಂಡಿಯಾಕ್ಕೆ ಬಂದ ಆಂಗ್ಲ ಪ್ರಿನ್ಸಿಪಾಲರುಗಳ ಪೆಟ್ಟಿಗೆಯಲ್ಲಿ ಗ್ರೀಕ್ ವ್ಯಾಕರಣದೊಂದಿಗೆ ಈ ಪದ್ಧತಿಯೂ ಬಂದಿರಬೇಕು. ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜ ಕಾಲೇಜುಗಳ ವಿಶಾಲವಾದ ಮೈದಾನಗಳನ್ನು ನೋಡಿದವರಿಗೆ ಆ ಕಾಲದ ಆಶಯ ತಿಳಿಯುತ್ತದೆ. ಸೆಂಟ್ರಲ್ ಕಾಲೇಜಿನ ಮೈದಾನದಲ್ಲಂತೂ, ಬೆಂಗಳೂರಿಗೆ ದೊಡ್ಡ ಕ್ರೀಡಾಂಗಣ ಬರುವ ಮುನ್ನ, ರಣಜಿ ಪಂದ್ಯಗಳೇ ನಡೆದವು.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾದಾಗ ಅದಕ್ಕೆ ಅಧಾರವಾಗಿದ್ದುದು ಮುಖ್ಯವಾಗಿ ಈ ಎರಡು ಕಾಲೇಜುಗಳೇ. ಆಟದ ವಿಷಯದಲ್ಲಿ ದೇಶದ ವಿಶ್ವವಿದ್ಯಾನಿಲಯಗಳೆಲ್ಲ ಒಂದು ಕಟ್ಟಿಗೆ ಬರಲು ಇನ್ನೂ ಕಾಲ ಬೇಕಾಯಿತು. 1925ರಲ್ಲಿ ಅಂತರ ವಿಶ್ವವಿದ್ಯಾನಿಲಯ ಮಂಡಳಿ ಹುಟ್ಟಿತು. ಇಂದು ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘವೆಂದು ಕರೆಯುವುದು ಇದನ್ನೇ. 1935-36ರಲ್ಲಿ ಮುಂಬಯಿಯ ಎ. ಡಿ. ಬಾರಿಯಾ ಎಂಬ ಮಹನೀಯರು ತೀರಿಹೋದ ಮಗ ರೋಹಿಂಟನನ ನೆನಪಿಗೆ ಕೊಟ್ಟ ಕಪ್ಪಿಗಾಗಿ ವಿಶ್ವವಿದ್ಯಾನಿಲಯಗಳ ಕ್ರಿಕೆಟ್ ಪಂದ್ಯಾವಳಿ ಆರಂಭವಾಯಿತು. 1956-57ರಿಂದ, ಆಟಗಳಲ್ಲಿ ಎಲ್ಲಕ್ಕೂ ಮುಂದಿರುವ ವಿಶ್ವವಿದ್ಯಾನಿಲಯಕ್ಕೆ ಮೌಲಾನಾ ಅಬುಲ್ ಕಲಾಂ ಆಜಾದರ ಹೆಸರಿನ ಟ್ರೋಫಿ. ಮಗನನ್ನು ಕಳೆದುಕೊಂಡ ತಂದೆಯೊಬ್ಬನ ಕಪ್ಪು, ಮಂತ್ರಿಯೊಬ್ಬರ ಹೆಸರಿನ ಟ್ರೋಫಿ! ಗೇಟಿನ ಹಣವೆಂಬ ಮಾತು ಎಲ್ಲಿಯೂ ಇಲ್ಲ. ನಮ್ಮ ವಿಶ್ವವಿದ್ಯಾನಿಲಯಗಳ ಪಂದ್ಯಗಳಿಗೆ ಟಿಕೀಟು ಮಾರಿ ಬದುಕಿದವರಿಲ್ಲ. ಆದುದರಿಂದ ಇಲ್ಲಿ ಆಟದ ಲೆಕ್ಕದಲ್ಲಿ ಆದಾಯದ ಬದಿಗೆ ಬರೆಯಲು ಇರುವುದು ಆ ಸಣ್ಣ ಸಾಲು, ಕ್ರೀಡಾ ಶುಲ್ಕ ಒಂದೇ. ಅನುದಾನ ಬಂದ ವರ್ಷ ಬಂತು, ಬಾರದ ವರ್ಷ ಇಲ್ಲ.

ಈಗ ಸಿದ್ದಾಪುರದ ಕಡೆಯ ವಿದ್ಯಾರ್ಥಿಯ ಹಣ ನಡೆಯುವ ದಾರಿಯನ್ನು ನೋಡಬಹುದು. ಚಿತ್ರದುರ್ಗ ಜಿಲ್ಲೆಯ ಕಾಲೇಜುಗಳು ಮೊದಲು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಹುಟ್ಟಿದಾಗ ಅದಕ್ಕೆ ಸೇರಿದವು. 2009ರಿಂದ ದಾವಣಗೆರೆ ವಿಶ್ವವಿದ್ಯಾನಿಲಯಕ್ಕೆ. ಈ ವಿಶ್ವವಿದ್ಯಾನಿಲಯದ ಕೇಂದ್ರ ದಾವಣಗೆರೆಯ ಬಳಿಯ ತೋಳಹುಣಸೆಯಲ್ಲಿದೆ, ಮೊಳಕಾಲ್ಮೂರಿನಿಂದ ನೂರು ಕಿಲೋಮೀಟರಿಗೂ ದೂರ. ಕಾಲೇಜು ತನ್ನ ಪಾಲನ್ನು ಇಟ್ಟುಕೊಂಡು ವಿಶ್ವವಿದ್ಯಾನಿಲಯದ ಪಾಲನ್ನು ಕಳುಹಿಸುತ್ತದೆ. ದೈಹಿಕ ಶಿಕ್ಷಣ ನಿರ್ದೇಶಕರ ಸಂಬಳ ಸರ್ಕಾರದ್ದು. ಆ ಹುದ್ದೆ ತುಂಬಿರುವ ಕಾಲೇಜು ಪುಣ್ಯವಂತ ಕಾಲೇಜು. ಚೆಂಡು, ಬಲೆ, ಸಮವಸ್ತ್ರ, ಅಂತರ ಕಾಲೇಜು ಪಂದ್ಯಗಳಿಗೆ ಹೋಗುವ ಬಸ್ಸಿನ ಚಾರ್ಜು, ಮಧ್ಯಾಹ್ನದ ಊಟ ಇಷ್ಟು ಕಾಲೇಜಿನ ಪಾಲಿನಿಂದ. ಅಲ್ಲಿ ಚೆನ್ನಾಗಿ ಆಡಿದವರನ್ನು ಆರಿಸಿ ವಿಶ್ವವಿದ್ಯಾನಿಲಯದ ತಂಡವನ್ನು ಕಟ್ಟಿ, ಕೆಲವು ದಿನ ಶಿಬಿರ ನಡೆಸಿ, ದಕ್ಷಿಣ ವಲಯದ ಪಂದ್ಯಕ್ಕೆ ಕಳುಹಿಸುವುದು ವಿಶ್ವವಿದ್ಯಾನಿಲಯದ ಪಾಲಿನಿಂದ.

ಲೆಕ್ಕಕ್ಕಾಗಿ ಒಂದು ಉದಾಹರಣೆ ಇಟ್ಟುಕೊಳ್ಳಬಹುದು. ಇದು ಯಾವ ಕಾಲೇಜಿನ ಪುಸ್ತಕದಿಂದಲೂ ತೆಗೆದುದಲ್ಲ, ಬರಿಯ ಬೆರಳೆಣಿಕೆ. ಒಂದು ಕಾಲೇಜಿನಲ್ಲಿ 500 ಮಂದಿ ವಿದ್ಯಾರ್ಥಿಗಳು, ತಲೆಗೆ 100 ರೂಪಾಯಿ ಎಂದರೆ ಒಟ್ಟು 50,000 ರೂಪಾಯಿ ಆಯಿತು. ಇನ್ನು ಕಬಡ್ಡಿಯ ತಂಡ. ಅಂಗಣದಲ್ಲಿ ಏಳು, ಹೊರಗೆ ಐದು, ಒಟ್ಟು ಹನ್ನೆರಡು. ತರಬೇತುದಾರ, ವ್ಯವಸ್ಥಾಪಕ ಸೇರಿದರೆ ಹದಿನಾಲ್ಕು. ತಮಿಳುನಾಡಿನಲ್ಲೋ ಆಂಧ್ರದಲ್ಲೋ ನಡೆಯುವ ವಲಯ ಪಂದ್ಯಕ್ಕೆ ಹೋಗಿ ಬರಲು, ಆಡಲು, ಏಳು ದಿನ. ತಲೆಗೆ ದಿನಕ್ಕೆ 500 ರೂಪಾಯಿಯ ಊಟ ವಸತಿ ಎಂದರೆ 49,000 ರೂಪಾಯಿ. ರೈಲಿನ ಟಿಕೀಟು ಇನ್ನೂ ತೆಗೆದಿಲ್ಲ! ಒಂದು ಕಾಲೇಜಿನ ಐನೂರು ಮಂದಿ ಒಂದು ವರ್ಷ ತೆತ್ತ ಹಣ, ಒಂದು ಆಟದ ಒಂದು ತಂಡದ ಒಂದು ಪ್ರಯಾಣದಲ್ಲಿ ಮುಗಿಯಿತು. ವಾಲಿಬಾಲು, ಖೋ ಖೋ, ಹಾಕಿ, ಕ್ರಿಕೆಟ್ಟು, ಚದುರಂಗ, ಅಥ್ಲೆಟಿಕ್ಸು. ಗಂಡಸರದು ಬೇರೆ, ಹೆಂಗಸರದು ಬೇರೆ.

ಹಾಗೆ ಹೋದ ತಂಡವಾದರೂ ಎಷ್ಟು ಹೊತ್ತು ಆಡುತ್ತದೆ? ವಲಯ ಪಂದ್ಯಗಳ ಮೊದಲ ಸುತ್ತುಗಳು ಸೋತವನು ಮನೆಗೆ ಎಂಬ ನಾಕೌಟ್ ಪದ್ಧತಿಯವು. ಕಬಡ್ಡಿಯ ಒಂದು ಪಂದ್ಯ ಗಂಡಸರಿಗೆ 40 ನಿಮಿಷ. ರಾತ್ರಿಯಿಡೀ ರೈಲಿನ ಸಾಮಾನ್ಯ ಬೋಗಿಯಲ್ಲಿ ಕುಳಿತು ಬಂದ ಹುಡುಗರು, ಬೆಳಗ್ಗೆ ಎದುರಾದ ಬಲಿಷ್ಠ ತಂಡದ ಮುಂದೆ ಆ 40 ನಿಮಿಷ ಉಸಿರು ಹಿಡಿದು ಸೋತು, ಸಂಜೆಯ ರೈಲಿಗೆ ಮರಳುವುದು ಅಪರೂಪವೇನಲ್ಲ. ಇದಕ್ಕೆ ಹುಡುಗರನ್ನು ದೂರುವುದು ಅನ್ಯಾಯ. ಊರಿನ ಕೆಮ್ಮಣ್ಣಿನ ಅಂಗಣದಲ್ಲಿ ಬರಿಗಾಲಿನಲ್ಲಿ ಆಡಿ ಬೆಳೆದವರು ಅವರು. 1990ರ ಏಷ್ಯನ್ ಕ್ರೀಡೆಗಳಲ್ಲಿ ಸೇರಿ, 2014ರಿಂದ ಪ್ರೊ ಕಬಡ್ಡಿಯಾಗಿ ಟೆಲಿವಿಷನ್ನಿನಲ್ಲಿ ಮೆರೆಯುತ್ತಿರುವ ಈಗಿನ ಕಬಡ್ಡಿ ಮಣ್ಣನ್ನು ಬಿಟ್ಟು ಮ್ಯಾಟಿನ ಮೇಲಕ್ಕೆ ಹತ್ತಿ ಕುಳಿತಿದೆ. ಮ್ಯಾಟಿನ ಮೇಲೆ ಬೂಟು ಬೇಕು, ಬೂಟಿನಲ್ಲಿ ಕಾಲು ತಿರುಗಿಸುವ ಅಭ್ಯಾಸ ಬೇಕು. ಮ್ಯಾಟನ್ನು ಮೊದಲ ಸಲ ಪಂದ್ಯದ ದಿನವೇ ಮೆಟ್ಟುವವನು ಜಾರದೆ ಏನು ಮಾಡಿಯಾನು?

ವಿಶ್ವವಿದ್ಯಾನಿಲಯ ದೊಡ್ಡದಾಗಿದ್ದರೆ ಈ ವೆಚ್ಚ ನೂರಾರು ಕಾಲೇಜುಗಳ ಮೇಲೆ ಹಂಚಿಹೋಗುತ್ತದೆ. ಹನಿಹನಿ ಕೂಡಿದರೆ ಹಳ್ಳ. ಆದರೆ ಕರ್ನಾಟಕದಲ್ಲಿ ನಡೆದಿರುವುದು ಹಳ್ಳವನ್ನು ಒಡೆದು ಕುಂಟೆಗಳನ್ನು ಮಾಡುವ ಕೆಲಸ. ಒಂದು ಮೈಸೂರಿನಿಂದ ಹಲವು, ಒಂದು ಧಾರವಾಡದಿಂದ ಹಲವು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಮೂರಾಯಿತು. 2022-23ರ ಸುಮಾರಿಗೆ ಬೀದರ್, ಕೊಪ್ಪಳ, ಹಾವೇರಿ, ಬಾಗಲಕೋಟೆ, ಹಾಸನ, ಚಾಮರಾಜನಗರ, ಕೊಡಗು ಎಂದು ಜಿಲ್ಲೆಗೊಂದರಂತೆ ಹುಟ್ಟಿದವು. ಊರ ಹತ್ತಿರ ವಿಶ್ವವಿದ್ಯಾನಿಲಯ ಬಂದರೆ ಅನುಕೂಲವೇ, ಅಲ್ಲಗಳೆಯುವಂತಿಲ್ಲ. ಆದರೆ ಆಟದ ಲೆಕ್ಕವೇ ಬೇರೆ. ನೂರು ಕಾಲೇಜುಗಳ ವಿಶ್ವವಿದ್ಯಾನಿಲಯಕ್ಕೂ ಮೂವತ್ತು ಕಾಲೇಜುಗಳ ವಿಶ್ವವಿದ್ಯಾನಿಲಯಕ್ಕೂ ಕಬಡ್ಡಿ ತಂಡದಲ್ಲಿ ಹನ್ನೆರಡೇ ಮಂದಿ. ಚೆನ್ನೈಗೆ ಟಿಕೀಟಿನ ಬೆಲೆ ಇಬ್ಬರಿಗೂ ಒಂದೇ. ಆದಾಯ ಮೂರರಲ್ಲೊಂದಾಯಿತು, ವೆಚ್ಚ ಹಾಗೆಯೇ ಉಳಿಯಿತು. 2025ರ ಫೆಬ್ರವರಿಯಲ್ಲಿ ರಾಜ್ಯದ ಸಚಿವ ಸಂಪುಟದ ಉಪಸಮಿತಿಯೊಂದು ಹಣದ ಅಭಾವದ ಕಾರಣದಿಂದ ಇಂಥ ಒಂಬತ್ತು ಹೊಸ ವಿಶ್ವವಿದ್ಯಾನಿಲಯಗಳನ್ನು ಮುಚ್ಚುವ ಮಾತೆತ್ತಿದಾಗ ಕೋಲಾಹಲವೆದ್ದಿತು. ಕಟ್ಟಡ, ಅಧ್ಯಾಪಕರು, ಪಿಂಚಣಿ ಎಲ್ಲವೂ ಚರ್ಚೆಗೆ ಬಂದವು. ಆಟದ ಮಾತನ್ನು ಎತ್ತಿದವರು ಕಡಿಮೆ.

ದಾವಣಗೆರೆ ವಿಶ್ವವಿದ್ಯಾನಿಲಯಕ್ಕೆ ಇರುವುದು ಎರಡು ಜಿಲ್ಲೆಗಳು. ಅವುಗಳಲ್ಲಿ ಚಳ್ಳಕೆರೆ, ಮೊಳಕಾಲ್ಮೂರುಗಳು ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳು. ಶೇಂಗಾ ಬೆಳೆದರೆ ಎಣ್ಣೆ ಗಿರಣಿ ತಿರುಗುತ್ತದೆ, ಮಗ್ಗ ಆಡಿದರೆ ಮೊಳಕಾಲ್ಮೂರು ಸೀರೆ ಮಾರುತ್ತದೆ. ಎರಡೂ ಕೈಕೊಟ್ಟ ವರ್ಷ ಕಾಲೇಜಿನ ಶುಲ್ಕವೆಂಬುದು ಮನೆಯಲ್ಲಿ ಚರ್ಚೆಯ ವಿಷಯ. ಆ ಮನೆಗಳ ಮೇಲೆ ಕ್ರೀಡಾ ಶುಲ್ಕವನ್ನು ಹೆಚ್ಚಿಸಿ ಕೊರತೆ ತುಂಬುವುದೆಂದರೆ ಅಮೆರಿಕದ ದಾರಿಯನ್ನೇ ಹಿಡಿದಂತೆ. ಅದೂ ಅಲ್ಲಿಯ ಕ್ರೀಡಾಂಗಣದ ಸಂಭ್ರಮವಿಲ್ಲದೆ.

ಶುಲ್ಕದ ಹಂಗಿಲ್ಲದೆ ಕ್ರೀಡೆಯನ್ನು ನಡೆಸಿದವರೂ ಕರ್ನಾಟಕದಲ್ಲಿದ್ದಾರೆ. ದಕ್ಷಿಣ ಕನ್ನಡದ ಮೂಡುಬಿದಿರೆಯಲ್ಲಿ ಡಾ. ಎಂ. ಮೋಹನ ಆಳ್ವರ ಶಿಕ್ಷಣ ಪ್ರತಿಷ್ಠಾನ ಆಟಗಾರರನ್ನು ದತ್ತು ತೆಗೆದುಕೊಳ್ಳುವ ಒಂದು ಯೋಜನೆಯನ್ನು ಬಹುಕಾಲದಿಂದ ನಡೆಸುತ್ತಿದೆ. ಆರಿಸಿದ ಹುಡುಗ ಹುಡುಗಿಯರಿಗೆ ವಿದ್ಯೆ, ಊಟ, ವಸತಿ, ತರಬೇತಿ ಎಲ್ಲವೂ ಪ್ರತಿಷ್ಠಾನದ ವೆಚ್ಚದಲ್ಲಿ. ಅಲ್ಲಿಯ ಅಂಗಣದಲ್ಲಿ 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಅಥ್ಲೆಟಿಕ್ ಕೂಟ ನಡೆದಾಗ ಸಮಗ್ರ ಪ್ರಶಸ್ತಿ ಮಂಗಳೂರು ವಿಶ್ವವಿದ್ಯಾನಿಲಯದ್ದಾಯಿತು. ಆ ತಂಡದ ಬಲವೆಲ್ಲ ಈ ಮಕ್ಕಳದೇ. ವಿಶ್ವವಿದ್ಯಾನಿಲಯದ ಹೆಸರು, ಪ್ರತಿಷ್ಠಾನದ ಹಣ! ಮೆಚ್ಚಬೇಕಾದ ಕೆಲಸ, ಸಂದೇಹವಿಲ್ಲ. ಆದರೆ ಅದಕ್ಕೆ ಹತ್ತಾರು ವಿದ್ಯಾಸಂಸ್ಥೆಗಳ ಒಟ್ಟು ಆದಾಯ ಬೆನ್ನಿಗಿರಬೇಕು, ಆಟವನ್ನು ಪ್ರೀತಿಸುವ ಒಬ್ಬ ಯಜಮಾನ ಮುಂದಿರಬೇಕು. ಮೊಳಕಾಲ್ಮೂರಿನಲ್ಲಿ ಎರಡನ್ನೂ ಎಲ್ಲಿಂದ ತರುವುದು? ಅಲ್ಲದೆ, ದತ್ತಾದ ಮಗು ಮನೆ ಬಿಟ್ಟು ಹೋಗುತ್ತದೆ. ಈ ಸೀಮೆಯಲ್ಲಿ ಚೆನ್ನಾಗಿ ಓಡುವವಳು ಒಬ್ಬಳಿದ್ದರೆ ಆಕೆ ಕರಾವಳಿಯ ಪಟ್ಟಿಯಲ್ಲಿ ಕಾಣಿಸುವಳೇ ಹೊರತು ಇಲ್ಲಿ ಜೊತೆಗೆ ಓಡಲು ಉಳಿಯುವುದಿಲ್ಲ.

ಕೇಂದ್ರ ಸರ್ಕಾರವೂ ಸುಮ್ಮನಿಲ್ಲ. ಖೇಲೋ ಇಂಡಿಯಾ ವಿಶ್ವವಿದ್ಯಾನಿಲಯ ಕ್ರೀಡಾಕೂಟ 2020ರಲ್ಲಿ ಭುವನೇಶ್ವರದಲ್ಲಿ ಆರಂಭವಾಗಿ, ಎರಡನೆಯದು 2022ರ ಏಪ್ರಿಲ್ ಮೇ ತಿಂಗಳುಗಳಲ್ಲಿ ಬೆಂಗಳೂರಿನಲ್ಲಿ ನಡೆಯಿತು. ಆತಿಥ್ಯ ವಹಿಸಿದ್ದ ಜೈನ್ ವಿಶ್ವವಿದ್ಯಾನಿಲಯವೇ ಪದಕಗಳ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿ ನಿಂತಿತು. ಖೇಲೋ ಇಂಡಿಯಾಕ್ಕೆ ಆಯ್ಕೆಯಾದ ಆಟಗಾರನಿಗೆ ತಿಂಗಳಿಗೆ 10,000 ರೂಪಾಯಿ ಕೈಖರ್ಚಿಗೆಂದು ಬರುತ್ತದೆ. ಬಡವರ ಮನೆಯ ಮಕ್ಕಳಿಗೆ ಅದು ದೊಡ್ಡ ಆಸರೆ. ಆದರೆ ಈ ಹೊಳೆ ಹರಿಯುವುದು ಮೇಲಿನಿಂದ, ಗುರುತಿಸಲ್ಪಟ್ಟವರ ಕಡೆಗೆ. ಗುರುತಿಸಬೇಕಾದರೆ ಮೊದಲು ಆಡಬೇಕು. ಆಡಬೇಕಾದರೆ ಕಾಲೇಜಿನಲ್ಲಿ ಆಟ ನಡೆಯಬೇಕು. ಹಣದ ಪ್ರಶ್ನೆ ಸುತ್ತಿ ಸುತ್ತಿ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಸಿದ್ದಾಪುರದಂಥ ಊರಿನ ಹುಡುಗಿಯೊಬ್ಬಳ ದಿನಚರಿಯನ್ನು ಊಹಿಸಿಕೊಂಡರೆ ಇದು ಸ್ಪಷ್ಟವಾಗುತ್ತದೆ. ಮನೆಗೆಲಸ ಮುಗಿಸಿ ಬೆಳಗಿನ ಬಸ್ಸಿಗೆ ಓಡಿ ಬರುವಾಗ ಆಕೆ ಓಡುವ ಓಟವನ್ನು ಗಡಿಯಾರ ಹಿಡಿದು ಅಳೆದವರಿಲ್ಲ. ತರಗತಿಗಳು ಮುಗಿಯುವುದು ಮಧ್ಯಾಹ್ನದ ಮೇಲೆ. ಬಿಸಿಲು ತಗ್ಗಿ, ಆಟ ಶುರುವಾಗಬೇಕಾದ ಹೊತ್ತಿಗೆ ಊರಿನ ಬಸ್ಸು ಹೊರಡುತ್ತದೆ. ಅದು ತಪ್ಪಿದರೆ ಮುಂದಿನದು ಕತ್ತಲೆಗೆ. ಕತ್ತಲೆಯ ಬಸ್ಸಿಗೆ ಕಾಯಲು ಮನೆಯವರು ಒಪ್ಪುವುದಿಲ್ಲ. ಹೀಗೆ ಮೂರು ವರ್ಷಗಳ ಕಾಲ ತಪ್ಪದೆ ಕ್ರೀಡಾ ಶುಲ್ಕ ತೆತ್ತ ಆಕೆ ಮೈದಾನದಲ್ಲಿ ಕಳೆದ ಗಂಟೆಗಳು ಬೆರಳೆಣಿಕೆಗೂ ಸಿಕ್ಕವು. ಅಮೆರಿಕದಲ್ಲಿ 1972ರ ಕಾನೂನೊಂದು ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಹೆಣ್ಣು ಗಂಡೆಂಬ ಭೇದ ಕೂಡದೆಂದು ವಿಧಿಸಿದ ಮೇಲೆ ಅಲ್ಲಿಯ ಹುಡುಗಿಯರಿಗೆ ಆಟದ ಬಾಗಿಲು ತೆರೆಯಿತು. ಇಲ್ಲಿ ಬಾಗಿಲೇನೋ ತೆರೆದೇ ಇದೆ, ಯಾವ ನಿಯಮವೂ ಅಡ್ಡಿ ಬಂದಿಲ್ಲ. ಅಡ್ಡಿ ಬಂದುದು ಬಸ್ಸಿನ ವೇಳಾಪಟ್ಟಿ.

‘ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ’ ಎಂಬ ಗಾದೆಯನ್ನು ಇಲ್ಲಿ ಒಗೆದುಬಿಡುವುದು ಸುಲಭ. ಆದರೆ ಅದು ಪೂರ್ತಿ ನ್ಯಾಯವಾದ ಮಾತಲ್ಲ. ರೈಲು ಹತ್ತಿ ಹೋದ ಹನ್ನೆರಡು ಹುಡುಗರು ಜಾತ್ರೆ ಮಾಡಿದವರಲ್ಲ. ಅವರ ಬೂಟಿನ ಹಣ ಅವರ ಮನೆಯದು, ಮುರಿದ ಮೊಣಕಾಲಿನ ಔಷಧದ ಹಣ ಬಹುತೇಕ ಅವರ ಮನೆಯದೇ. ವಿಶ್ವವಿದ್ಯಾನಿಲಯದ ಹೆಸರನ್ನು ಎದೆಯ ಮೇಲೆ ಬರೆದುಕೊಂಡು ಒಮ್ಮೆ ಹೊರನಾಡಿನಲ್ಲಿ ಆಡಿ ಬಂದವನು, ಸೋತು ಬಂದರೂ, ಬೇರೆ ಮನುಷ್ಯನಾಗಿ ಬರುತ್ತಾನೆ. ದೈಹಿಕ ಶಿಕ್ಷಕನಾಗಿಯೋ ಪೊಲೀಸಿನವನಾಗಿಯೋ ಬದುಕು ಕಟ್ಟಿಕೊಳ್ಳಲು ಆ ಒಂದು ಪ್ರಮಾಣಪತ್ರ ನೆರವಾದುದುಂಟು. ಅವರ ಪ್ರಯಾಣವನ್ನು ನಿಲ್ಲಿಸಿ ಹಣವನ್ನು ಉಳಿಸುವುದು ಜಾಣತನವಲ್ಲ. ಕಾಲೇಜಿನ ಪಾಲಿನ ಹಣ ಆ ಹನ್ನೆರಡು ಮಂದಿಯ ಆಯ್ಕೆಯ ದಿನಕ್ಕೆ ಮಾತ್ರ ಮೀಸಲಾಗಿ, ಉಳಿದ ಐನೂರು ಮಂದಿಗೆ ಒಂದು ಚೆಂಡೂ ಉಳಿಯದಂತೆ ಖರ್ಚಾಗುವುದು ಮಾತ್ರ ತಪ್ಪು. ಕಾಲೇಜಿನ ವೇಳಾಪಟ್ಟಿಯಲ್ಲಿ ವಾರಕ್ಕೆ ಒಂದೆರಡು ಗಂಟೆ ಬೆಳಗ್ಗೆಯೇ, ಪಾಠಗಳ ನಡುವೆಯೇ, ಆಟಕ್ಕೆ ಇಟ್ಟರೆ ಬಸ್ಸು ತಪ್ಪುವ ಮಾತಿಲ್ಲ. ಅದಕ್ಕೆ ಹೊಸ ಶುಲ್ಕವೂ ಬೇಕಿಲ್ಲ. ವರ್ಷದ ಕ್ರೀಡಾ ಶುಲ್ಕ ಎಷ್ಟು ಬಂತು, ಯಾವ ಬಾಬಿಗೆ ಎಷ್ಟು ಹೋಯಿತು, ಎಷ್ಟು ಮಂದಿ ಆಡಿದರು ಎಂದು ಒಂದು ಹಾಳೆಯಲ್ಲಿ ಬರೆದು ಸೂಚನಾ ಫಲಕದಲ್ಲಿ ಅಂಟಿಸಲು ಯಾವ ಸರ್ಕಾರದ ಅಪ್ಪಣೆಯೂ ಬೇಕಾಗಲಾರದು. ಜಾತ್ರೆಯ ವಂತಿಗೆಯ ಲೆಕ್ಕವನ್ನು ಹಳ್ಳಿಯವರು ದೇವಸ್ಥಾನದ ಕಟ್ಟೆಯ ಮೇಲೆ ಎಲ್ಲರೆದುರು ಓದುವ ವಾಡಿಕೆ ಎಷ್ಟೋ ಕಡೆ ಇಂದಿಗೂ ಇದೆಯಷ್ಟೆ.

ಆಟಗಳಾದರೂ ಎಲ್ಲವೂ ದುಬಾರಿಯಲ್ಲ. ಓಟದ ಕೃತಕ ಪಥ ಹಾಸಲು ಕೋಟಿಗಟ್ಟಲೆ ಬೇಕು. ಕ್ರಿಕೆಟಿನ ಒಂದು ಒಳ್ಳೆಯ ಬ್ಯಾಟಿನ ಬೆಲೆಗೆ ಇಡೀ ವಾಲಿಬಾಲು ತಂಡ ವರ್ಷವೆಲ್ಲ ಆಡೀತು. 2025ರ ಜನವರಿ 19ರಂದು ದೆಹಲಿಯಲ್ಲಿ ಖೋ ಖೋ ಆಟದ ಮೊಟ್ಟಮೊದಲ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78-40ರಿಂದ ಸೋಲಿಸಿದಾಗ ಪಂದ್ಯದ ಶ್ರೇಷ್ಠ ಆಟಗಾರ್ತಿಯೆನಿಸಿದವರು ಮೈಸೂರು ಜಿಲ್ಲೆಯ ಟಿ. ನರಸೀಪುರ ತಾಲ್ಲೂಕಿನ ಕುರುಬೂರೆಂಬ ಹಳ್ಳಿಯ ಬಿ. ಚೈತ್ರಾ. ಆ ಆಟಕ್ಕೆ ಬೇಕಾದ ಅಂಗಣ 27 ಮೀಟರು ಉದ್ದ, 16 ಮೀಟರು ಅಗಲ. ಎರಡು ತುದಿಗೆ ಎರಡು ಮರದ ಕಂಬ, ಗೆರೆ ಎಳೆಯಲು ಒಂದಿಷ್ಟು ಸುಣ್ಣ. ಕಬಡ್ಡಿಗಾದರೆ 13 ಮೀಟರು ಉದ್ದ, 10 ಮೀಟರು ಅಗಲ ಸಾಕು. ಮಳೆ ಕಡಿಮೆಯಾದ ಬಯಲುಸೀಮೆಯಲ್ಲಿ ವರ್ಷಕ್ಕೆ ಹನ್ನೊಂದು ತಿಂಗಳು ನೆಲ ಒಣಗಿಯೇ ಇರುತ್ತದೆ.